ನಾಲ್ಕನೇ ರೂಮಿನ ಸೋಪು

ಗಾಳಿಬೀಡು ರಸ್ತೆಯ ಹೋಮ್‌ಸ್ಟೇಯಲ್ಲಿ
ಹಾಸಿಗೆ ಕೊಡವುವವಳು ನಾನು.
ಬಿಟ್ಟುಹೋದ ಸೋಪು ಮುಟ್ಟಿದರೆ ಸಾಕು
ಹೋದವರು ಎಂಥವರೆಂದು ಹೇಳಬಲ್ಲೆ:
ಮೂಲೆ ಸವೆಯದ್ದು ಚಳಿಗೆ ಹೆದರಿದವರದು,
ಕೂದಲಂಟಿದ್ದು ಗಂಡಸರ ಗುಂಪಿನದು,
ಹಲ್ಲಿನ ಗುರುತಿದ್ದದ್ದು – ಒಮ್ಮೆ ಇತ್ತು –
ಚಾಕಲೇಟೆಂದು ಕಚ್ಚಿದ ಯಾವುದೋ ಮಗುವಿನದು.

ಅವನ್ನೆಲ್ಲ ವೇಲಿನ ತುದಿಗೆ ಕಟ್ಟಿ ತರುತ್ತಿದ್ದೆ.
ಗುಲಾಬಿ, ನಿಂಬೆಹುಲ್ಲು, ಕಿತ್ತಳೆ,
ಕಾಫಿಪುಡಿ ಬೆರೆಸಿದ ಒರಟೊಂದು.
ನಿಶ್ಮಾ ಕಿಟಕಿಯಲ್ಲಿ ಸಾಲಾಗಿ ಜೋಡಿಸಿ
ದಿನಕ್ಕೊಂದು ಆರಿಸುತ್ತಿದ್ದಳು.
"ಇವತ್ತು ನಾನು ಕಿತ್ತಳೆ" ಎನ್ನುತ್ತ
ಬಚ್ಚಲಿಗೆ ಓಡುತ್ತಿದ್ದಳು.

ಮೊದಲು ಮೊಣಕೈ ಮಡಿಕೆ,
ಆಮೇಲೆ ಮಂಡಿಯ ಹಿಂದೆ,
ಆಮೇಲೆ ಕುತ್ತಿಗೆ, ಸ್ವೆಟರ್ ಉಜ್ಜುವಲ್ಲಿ.
ಕೆಂಪಗೆ, ಒದ್ದೆಯಾಗಿ, ಮತ್ತೆ ಒಣಗಿ
ಹುರುಪೆ ಹುರುಪೆ.
ರಾತ್ರಿಯಿಡೀ ಪರಪರ ಸದ್ದು
ಹೆಂಚಿನ ಕೆಳಗೆ ಹೆಗ್ಗಣ ಸೇರಿದ ಹಾಗೆ.

ಪಕ್ಕದ ಮನೆಯ ಕುಸುಮಾವತಿ ಅಂದರು ನಂಜು.
ಬದನೆ ಬಿಡಿಸಿದೆ, ಒಣಮೀನು ಬಿಡಿಸಿದೆ.
ಅತ್ತೆ ಅಂದರು ನೀರು ಇನ್ನೂ ಕಾಯಲಿ,
ಹಂಡೆಯ ಬಿಸಿಗೆ ಹೆದರದ ತುರಿಕೆಯಿಲ್ಲ.
ನಿಜ, ಹೆದರುತ್ತಿತ್ತು, ಅರ್ಧ ಗಂಟೆ.
ಬಿಸಿನೀರಿನ ಸುಖ ಕೈಸಾಲದ ಸುಖ,
ನಡುರಾತ್ರಿ ಬಾಗಿಲು ಬಡಿಯುತ್ತಿತ್ತು ಬಡ್ಡಿಗೆ.
ಶಾಲೆಯಲ್ಲಿ ಅಂದರು ಕಜ್ಜಿ.
ಆಮೇಲೆ ಡ್ರಿಲ್ಲಿನಲ್ಲಿ ಅವಳ ಕೈ ಹಿಡಿಯಲು
ಯಾರಿಗೂ ಕೈ ಇರಲಿಲ್ಲ.

ಮಡಿಕೇರಿಯ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಚೋಂದಮ್ಮ
ಕೈಗವಸಿಲ್ಲದೆ ಆ ಮೊಣಕೈ ಹಿಡಿದು
ಬೆಳಕಿಗೆ ತಿರುಗಿಸಿದರು.
"ಕಜ್ಜಿಯಲ್ಲಮ್ಮ, ಇಸುಬು. ಯಾರಿಗೂ ಅಂಟಲ್ಲ.
ಇವಳ ಚರ್ಮದ ಗೋಡೆ ತೆಳು,
ಒಳಗಿನ ನೀರು ನಿಲ್ಲಲ್ಲ, ಹೊರಗಿನದೆಲ್ಲ ನುಗ್ಗುತ್ತೆ.
ಎಂಥ ಸೋಪು ಹಾಕ್ತೀರಿ?"
ಹೆಮ್ಮೆಯಿಂದಲೇ ಹೇಳಿದೆ,
"ಎಲ್ಲಾ ಪರಿಮಳದ್ದೇ ಮೇಡಂ."
ಅವರ ಪೆನ್ನು ನಿಂತಿತು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಇಳಿಯುವಾಗ ಮೆಟ್ಟಿಲಿಗೊಂದು ಸೋಪು ನೆನಪಾಯಿತು.

ಮೊಯ್ದು ಕಾಕನ ಮೆಡಿಕಲ್ಲಿನಲ್ಲಿ
ಎತ್ತಿ ಎತ್ತಿ ಮೂಸಿದೆ.
ಪರಿಮಳ ಇದೆಯೇ ಎಂದು ಮೂಸಿ ಗೊತ್ತು,
ಇಲ್ಲವೇ ಎಂದು ಮೂಸಲು
ಬೇರೆಯೇ ಮೂಗು ಬೇಕು.
ಹೂವಿನ ಚಿತ್ರದ್ದು ಬೇಡ, ಬೇವಿನದೂ ಬೇಡ,
ನಗುವ ಪಾಪುವಿನ ಚಿತ್ರವಿದ್ದದ್ದು
ಎಲ್ಲಕ್ಕಿಂತ ಜಾಸ್ತಿ ಘಮಘಮ.
ಕಾಕ ಕನ್ನಡಕ ಹಣೆಗೇರಿಸಿದರು:
"ಪೊಟ್ಟಣದ ಮುಖ ನೋಡಬೇಡ ಮೋಳೇ, ಬೆನ್ನು ಓದು."
ಕೊನೆಗೆ ಸಿಕ್ಕಿತು ಚಿತ್ರವಿಲ್ಲದ್ದೊಂದು,
ವಾರ್ಡಿನ ಗೋಡೆಯ ಬಣ್ಣದ್ದು,
ಇನ್ನೂರ ನಲವತ್ತು ರೂಪಾಯಿ:
ನನ್ನ ಅರ್ಧ ದಿನದ ಹಾಸಿಗೆಗಳು.

ದಾರದಲ್ಲಿ ಕೊಯ್ದು ನಾಲ್ಕು ತುಂಡು ಮಾಡಿದೆ.
ಉಗುರುಬೆಚ್ಚಗಿನ ನೀರು, ಒಲೆಯ ಮುಂದೆ ಅತ್ತೆಯ ಗೊಣಗು.
ನೊರೆಯೇ ಬರಲಿಲ್ಲ. ನಿಶ್ಮಾ ಅತ್ತಳು,
"ಇದು ಸೋಪೇ ಅಲ್ಲ. ಇವತ್ತು ನಾನು ಏನೂ ಅಲ್ಲ."
ಉಜ್ಜದೆ ಒತ್ತಿ ಒತ್ತಿ ಒರೆಸಿ,
ಮೈ ಹಸಿಯಿರುವಾಗಲೇ ಮುಲಾಮು ಸವರಿ,
ಹತ್ತಿ ಬನಿಯನ್ನಿನ ಮೇಲೆ ಸ್ವೆಟರ್ ತೊಡಿಸಿ
ಗುಂಡಿ ಹಾಕುವಾಗ
ಮೂಗು ಅವಳ ಕುತ್ತಿಗೆಗೆ ತಾಗಿತು.

ಅಲ್ಲಿತ್ತು.
ಹೆರಿಗೆ ವಾರ್ಡಿನಲ್ಲಿ ಒರೆಸಿ ಕೊಟ್ಟ ದಿನ
ಮೂಸಿದ್ದು. ಆಮೇಲೆ
ಕಿತ್ತಳೆಯ ಕೆಳಗೆ, ಗುಲಾಬಿಯ ಕೆಳಗೆ
ನಾನೇ ಹೂತಿಟ್ಟದ್ದು.
ಗಂಜಿ ಆರುವಾಗಿನ ಹಬೆಯ ಹಾಗೆ, ಅಷ್ಟೂ ಅಲ್ಲ.
ಇನ್ನೊಮ್ಮೆ ಮೂಸಿದೆ.
ಅವಳಿಗೆ ಕಚಗುಳಿಯಾಯಿತು, ಅಷ್ಟೇ.

ಪೂರ್ತಿ ವಾಸಿಯಾಗಿಲ್ಲ. ಜನವರಿಯ ಒಣಗಾಳಿಗೆ
ಮತ್ತೆ ಕೆರಳುತ್ತದೆ. ಭಾನುವಾರ ಉಗುರು ಕತ್ತರಿಸುತ್ತೇನೆ.
ಇಂದು ನಾಲ್ಕನೇ ರೂಮಿನವರು
ಎಲೆಯಾಕಾರದ್ದೊಂದನ್ನು ಕಾಗದವನ್ನೂ ಬಿಚ್ಚದೆ
ಬಿಟ್ಟುಹೋಗಿದ್ದಾರೆ.
ಕೈ ತಾನಾಗಿ ವೇಲಿನ ತುದಿ ಹುಡುಕಿತು.
ಮೂಸಿದೆ. ಲವಂಗ, ಮತ್ತೇನೋ.
ಒಳ್ಳೆಯ ಪರಿಮಳ, ಸುಳ್ಳು ಹೇಳಬಾರದು.
ಇದ್ದಲ್ಲೇ ಇಟ್ಟು
ಕನ್ನಡಿ ಒರೆಸಿದೆ.